ಉಪ್ಪುನೀರಲ್ಲಿ ನ್ಯಾನೋ ಪುಡಿಯ ವಿಷ ಪರೀಕ್ಷೆ: ಆರ್ಟೀಮಿಯಾ ಮರಿಗಳ ಮೇಲೆ ಸರಿಯಾಗಿ ಮಾಡೋದು ಹೇಗೆ

ಸನ್‌ಸ್ಕ್ರೀನು, ಪೇಂಟಲ್ಲಿರೋ ಝಿಂಕ್ ಆಕ್ಸೈಡ್ ನ್ಯಾನೋ ಕಣಗಳು ಕೊನೆಗೆ ಸಮುದ್ರ ಸೇರ್ತವೆ. ನಮ್ಮ ಕರಾವಳಿಯ ನೀಲಿಕಲ್ಲು, ಬೆಳಚು ಥರದ ಚಿಪ್ಪುಗಳೆಲ್ಲ ನೀರು ಸೋಸಿಯೇ ಹೊಟ್ಟೆ ಹೊರೆಯೋ ಜೀವಿಗಳು, ಬಂದ ಕಣ ಮೊದಲು ಹೋಗೋದೇ ಅವುಗಳ ಹೊಟ್ಟೆಗೆ. ಅದಕ್ಕೇ ಆರ್ಟೀಮಿಯಾ ಮೇಲಿನ ಈ ಪರೀಕ್ಷೆ ಮುಖ್ಯ; ಆರ್ಟೀಮಿಯಾ ಅಂದ್ರೆ ಉಪ್ಪುನೀರಲ್ಲಿ ಬದುಕೋ, ಹಾಗೇ ನೀರು ಸೋಸಿ ತಿನ್ನೋ ಪುಟ್ಟ ಸಿಗಡಿಯಂಥ ಜೀವಿ. ಆದರೆ ಒಬ್ಬ ವಿದ್ಯಾರ್ಥಿ ಪುಡಿನ ನೇರ ಉಪ್ಪುನೀರಿಗೆ ಸುರಿದು, ಮರಿಗಳು ಸಾಯಲಿಲ್ಲ ಅಂತ ‘ವಿಷ ಇಲ್ಲ’ ಅಂತ ಬರೆದಿದ್ದು ನೋಡಿದೀನಿ. ಬೀಕರ್ ತಳದಲ್ಲಿ ಪುಡಿಯೆಲ್ಲ ಸುಣ್ಣದ ಗಸಿ ಥರ ಕೂತಿತ್ತು.

ಮೊದಲು ಆರ್ಟೀಮಿಯಾ ಮೊಟ್ಟೆ ಒಡೆಸಿ. ಲೀಟರ್‌ಗೆ 35 ಗ್ರಾಂ ಸಮುದ್ರದ ಉಪ್ಪು, 28 ಡಿಗ್ರಿ, ಬೆಳಕು, ಏರ್ ಪಂಪ್, 24ರಿಂದ 36 ಗಂಟೆ. ಅಡುಗೆ ಉಪ್ಪು ಬೇಡ. ಅಕ್ವೇರಿಯಂ ಅಂಗಡಿಲಿ ಸಿಪ್ಪೆ ತೆಗೆದು ಒಣಗಿಸಿದ ಮೊಟ್ಟೆ ಮಾರ್ತಾರೆ, ಅದು ಮೀನಿಗೆ ಹಾಕೋ ಫೀಡು, ಒಡೆಯೋದೇ ಇಲ್ಲ.

ಒಡೆದು ಬಂದ ಕಿತ್ತಳೆ ಬಣ್ಣದ ಮರಿಗೆ ಇನ್ನೂ ಬಾಯಿ ತೆರೆದಿರಲ್ಲ, ಹೊಟ್ಟೆಲಿರೋ ಮೊಟ್ಟೆಯ ಬಂಡಾರದಲ್ಲೇ ಬದುಕ್ತಿರುತ್ತೆ. ಇನ್ನೊಂದು 12 ಗಂಟೆ ಕಾಯಿರಿ, ಆಮೇಲೆ ತಿನ್ನೋಕೆ ಶುರು ಮಾಡುತ್ತೆ. ಕಣ ನುಂಗದ ಮರಿ ಮೇಲೆ ಟೆಸ್ಟ್ ಮಾಡಿ ಏನೂ ಆಗಲಿಲ್ಲ ಅಂದ್ರೆ ಅದಕ್ಕೆ ಅರ್ಥವೇ ಇಲ್ಲ.

ಈಗ ಎಲ್ಲರೂ ಎಡವೋ ಜಾಗ. ಉಪ್ಪುನೀರಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗ್ತವೆ, ಯಾಕಂದ್ರೆ ಅವನ್ನ ದೂರ ದೂರ ಇಡೋ ಮೇಲ್ಮೈ ಚಾರ್ಜನ್ನ ಉಪ್ಪಿನ ಅಯಾನುಗಳು ಮುಚ್ಚಿಬಿಡ್ತವೆ. ಹಾಗಾಗಿ ಫ್ಯಾನ್ ಆರಿಸಿ, ಮಾಸ್ಕ್ ಹಾಕ್ಕೊಂಡು 100 ಮಿಲಿಗ್ರಾಂ ಪುಡಿ ತೂಗಿ 100 ಮಿಲಿ ಡಿಸ್ಟಿಲ್ಡ್ ವಾಟರ್‌ಗೆ ಹಾಕಿ, ಪಾತ್ರೆನ ಐಸಲ್ಲಿಟ್ಟು ಸೋನಿಕೇಟ್ ಮಾಡಿ (ಅಂದ್ರೆ ಶಬ್ದದ ಅಲೆಯಿಂದ ಗಂಟು ಬಿಡಿಸಿ), ತಕ್ಷಣ ಅದರಲ್ಲಿ 1 ಮಿಲಿ ತಗೊಂಡು 99 ಮಿಲಿ ಉಪ್ಪುನೀರಿಗೆ ತಿರುಗಿಸ್ತಾ ತಿರುಗಿಸ್ತಾ ಬಿಡಿ, ಲೀಟರ್‌ಗೆ 10 ಮಿಲಿಗ್ರಾಂ ಲೆಕ್ಕ ಆಯ್ತು. ನಿನ್ನೆ ಸೋನಿಕೇಟ್ ಮಾಡಿಟ್ಟ ಸ್ಟಾಕ್ ಇವತ್ತು ಬಳಸಲೇಬೇಡಿ. ಕಣ ಚೆನ್ನಾಗಿ ಹರಡಲಿ ಅಂತ ಸೋಪು ಥರದ ದ್ರಾವಣ ಹಾಕೋರಿದ್ದಾರೆ, ಆಗ ಮರಿ ಸತ್ತಿದ್ದು ಸೋಪಿಂದಲೋ ಕಣದಿಂದಲೋ ಯಾರಿಗೆ ಗೊತ್ತು? ಇಷ್ಟೆಲ್ಲ ಮಾಡಿದರೂ ಗಂಟಾಗೋದು ಪೂರ್ತಿ ನಿಲ್ಲಲ್ಲ, ಅದಕ್ಕೆ 24 ಗಂಟೆಗೊಮ್ಮೆ ದ್ರಾವಣ ಬದಲಾಯಿಸಬೇಕು. ಕಂಟ್ರೋಲ್‌ಗೂ, ಅಂದ್ರೆ ಹೋಲಿಕೆಗೆ ಇಡೋ ಕಣ ಹಾಕದ ಸೆಟ್‌ಗೂ, ಅಷ್ಟೇ ಡಿಸ್ಟಿಲ್ಡ್ ವಾಟರ್ ಸೇರಿಸಿ, ಇಲ್ಲಾಂದ್ರೆ ಎರಡರ ಉಪ್ಪು ಬೇರೆ ಬೇರೆ ಆಗುತ್ತೆ.

ಇನ್ನೊಂದು, ಇದನ್ನ ಬಿಟ್ಟರೆ ರಿಪೋರ್ಟ್ ನಾನಂತೂ ಒಪ್ಪಲ್ಲ. ಝಿಂಕ್ ಆಕ್ಸೈಡ್ ನೀರಲ್ಲಿ ಕರಗಿ ಝಿಂಕ್ ಅಯಾನು ಬಿಡುತ್ತೆ, ಆ ಅಯಾನೂ ವಿಷ. 10 ಮಿಲಿಗ್ರಾಂ ಝಿಂಕ್ ಆಕ್ಸೈಡಲ್ಲಿ ಸುಮಾರು 8 ಮಿಲಿಗ್ರಾಂ ಝಿಂಕ್ ಇರುತ್ತೆ, ಅಷ್ಟೇ ಝಿಂಕ್ ಬರೋ ಹಾಗೆ ಹರಳಿನ ಝಿಂಕ್ ಸಲ್ಫೇಟ್ ಲೀಟರ್‌ಗೆ 35 ಮಿಲಿಗ್ರಾಂ ಲೆಕ್ಕದಲ್ಲಿ ಹಾಕಿ ಪಕ್ಕದಲ್ಲೊಂದು ಸೆಟ್ ಇಡಿ. ಎರಡನ್ನೂ ಹೋಲಿಸದೆ ‘ನ್ಯಾನೋ ಕಣವೇ ಕೊಂದಿತು’ ಅನ್ನೋಕಾಗಲ್ಲ.

ಟೆಸ್ಟ್ ಪ್ಲೇಟಿನ ಒಂದೊಂದು ಬಾವಿಗೆ (ಗುಳಿಗೆ) 10 ಮರಿ, ಪ್ರತಿ ಡೋಸ್‌ಗೂ ಮೂರು ಬಾವಿ, 24 ಮತ್ತು 48 ಗಂಟೆಗೆ ಎಣಿಕೆ. ಕಂಟ್ರೋಲಲ್ಲೇ ನೂರಕ್ಕೆ 10ಕ್ಕಿಂತ ಜಾಸ್ತಿ ಸತ್ತರೆ ಮತ್ತೆ ಮೊದಲಿಂದ.

ಬದುಕುಳಿದವನ್ನೂ ಚೆಲ್ಲಬೇಡಿ. ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿ: ಗಾಜಿನಂಥ ಮೈಯೊಳಗೆ ಬಾಯಿಂದ ಬಾಲದ ತನಕ ಕರುಳು ನುಂಗಿದ ಕಣಗಳಿಂದ ಕಪ್ಪು ದಾರ ಎಳೆದ ಹಾಗೆ ತುಂಬಿರುತ್ತೆ, ಕಾಲು ಬಡೀತಾ ಇರುತ್ತೆ. ಅದನ್ನ ಶುದ್ಧ ಉಪ್ಪುನೀರಿಗೆ ಬಿಟ್ಟು, ಸ್ವಲ್ಪ ಪಾಚಿ ಕೊಟ್ಟು, ಆ ದಾರ ಎಷ್ಟು ಗಂಟೆಗೆ ಹೊರಗೆ ಹೋಗುತ್ತೆ ಅಂತಲೂ ಬರೆದಿಡಿ.