ಕಲ್ಲು ತೆಗೆದ ಪಣೆಯಲ್ಲಿ ಗಿಡ ಉಳಿಸುವುದು ಹೇಗೆ?

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಪದವುಗಳಲ್ಲಿ (ಮೇಲೆ ಚಪ್ಪಟೆಯಾದ ಬೋಳುಗುಡ್ಡಗಳಲ್ಲಿ) ಕೆಂಪುಕಲ್ಲು, ಅಂದರೆ ಮುರಕಲ್ಲು, ಕೊಯ್ದು ಬಿಟ್ಟ ಪಣೆಗಳಿಗೆ (ಕಲ್ಲುಕೋರೆಗಳಿಗೆ) ಜೂನ್ ಬಂತೆಂದರೆ ಗಿಡ ನೆಡುವವರ ಓಡಾಟ. ಮುಂದಿನ ಜೂನ್‌ಗೆ ಅದೇ ಗುಂಡಿಗೆ ಹೊಸ ಗಿಡ. ಬೇಸಗೆಯಲ್ಲಿ ನೀರಿಲ್ಲದೆ ಸತ್ತಿತು ಎನ್ನುತ್ತಾರೆ. ಎಷ್ಟೋ ಗಿಡಗಳ ಬೇರು ಆಟಿಯ (ಜುಲೈ-ಆಗಸ್ಟ್) ಮಳೆಗೇ ಕೊಳೆತಿರುತ್ತದೆ. ಒಣಗಿದ್ದು ಕಣ್ಣಿಗೆ ಬಿದ್ದದ್ದು ಮಾತ್ರ ಮಾರ್ಚ್‌ನಲ್ಲಿ.

ಯಂತ್ರದಲ್ಲಿ ಕೊಯ್ದ ಪಣೆಯ ತಳ ಸಿಮೆಂಟು ಹಾಕಿದ ಅಂಗಳದ ಹಾಗಿರುತ್ತದೆ. ಗಾಳಿಬಿಸಿಲು ತಾಗಿದಷ್ಟೂ ಮುರಕಲ್ಲು ಗಟ್ಟಿಯಾಗುತ್ತದೆ. ಅದರಲ್ಲಿ ತೋಡಿದ ಗುಂಡಿ ಕಲ್ಲಿನ ಮರಿಗೆಯೇ ಸರಿ, ಸುರಿದ ಮಳೆ ಅಲ್ಲೇ ನಿಲ್ಲುತ್ತದೆ.

ಕೆಲಸ ಜನವರಿಯಲ್ಲೇ ಶುರುವಾಗಲಿ. ಕುಸಿಯುವಂತಿರುವ ಗೋಡೆಯ ಬುಡ ಬಿಟ್ಟು, ಹತ್ತು ಅಡಿಗೊಂದರಂತೆ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿ. ಕಲ್ಲು ಒಡೆಯುವ ಬ್ರೇಕರ್ ಯಂತ್ರ ವಾಪಸು ಹೋಗುವ ಮೊದಲು ಪ್ರತಿ ಗುಂಡಿಯ ತಳದಲ್ಲೂ ಎರಡು ಮೂರು ಕಡೆ ಇನ್ನೆರಡು ಅಡಿ ತೂತು ಹೊಡೆಸಿ. ಈ ಅರ್ಧ ಗಂಟೆಯ ಬಾಡಿಗೆ ಉಳಿಸಲು ಹೋಗಿಯೇ ಎಲ್ಲ ಕೆಡುವುದು. ಸಂಜೆ ಗುಂಡಿಗೆ ಕಂಠಮಟ್ಟ ನೀರು ತುಂಬಿಸಿ. ಮರುದಿನ ಸಂಜೆಯೂ ಗೇಣುದ್ದ ನೀರು ಉಳಿದಿದ್ದರೆ ಅಲ್ಲಿ ನೆಡಬೇಡಿ. ತಳದಲ್ಲಿ ಬಿಳಿ ಸೇಡಿಮಣ್ಣು (ಅಂಟು ಜೇಡಿ) ಕಂಡರೆ ಎಷ್ಟು ತೂತು ಹೊಡೆದರೂ ನೀರು ಇಳಿಯದು. ಗುಂಡಿಯ ತಳಮಟ್ಟದಿಂದಲೇ ತಗ್ಗಿನ ಕಡೆಗೆ ಗೇಣಗಲದ ಕಣಿ (ಕಾಲುವೆ) ಕಡಿಸಬೇಕು. ಮೇಲ್ಮಟ್ಟದ ಕಣಿಯಿಂದ ಪ್ರಯೋಜನವಿಲ್ಲ.

ನೀರು ಇಳಿಯುವುದು ಖಾತ್ರಿಯಾದ ಮೇಲೆ ತೆಂಗಿನ ಸಿಪ್ಪೆ ಎರಡು ಪದರ, ಗುಳಿಬಿದ್ದ ಒಳಮೈ ಮೇಲಾಗಿ ಜೋಡಿಸಿ. ಬೇಸಗೆಗೆ ತೇವ ಹಿಡಿದಿಡುವುದು ಅದೇ. ಉಪ್ಪು ಹಾಕಿದರೆ ಕಲ್ಲು ಮೆತ್ತಗಾಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ತೆಂಗಿನ ಗುಂಡಿಯ ಲೆಕ್ಕ: ಎರಡು ಕಿಲೊ ಉಪ್ಪು, ಅದೂ ಸಸಿ ಇಡುವ ಆರು ತಿಂಗಳ ಮೊದಲು. ಉಪ್ಪು, ಗಿಡ ಒಂದೇ ದಿನ ಹಾಕಿದರೆ ಬೇರು ಸುಟ್ಟುಹೋಗುತ್ತದೆ. ಕಾಡುಗಿಡಕ್ಕಂತೂ ಉಪ್ಪು ಬೇಡವೇ ಬೇಡ.

ಪಣೆಯ ಕೆಂಪು ಹುಡಿಯನ್ನೇ ತುಂಬಿದರೆ ಒಂದು ಮಳೆಗೆ ಹೆಪ್ಪುಗಟ್ಟುತ್ತದೆ. ಎರಡು ಪಾಲು ಹುಡಿಗೆ ಒಂದು ಪಾಲು ಮೇಲ್ಮಣ್ಣು, ಒಂದು ಪಾಲು ಹಳೆಯ ಹಟ್ಟಿಗೊಬ್ಬರ ಬೆರೆಸಿ. ಈ ಮಣ್ಣಿನ ಕಬ್ಬಿಣದಂಶ ರಂಜಕವನ್ನು ಹಿಡಿದುಕೊಂಡು ಬಿಡುವುದರಿಂದ ಗುಂಡಿಗೆ 200 ಗ್ರಾಂ ರಾಕ್ ಫಾಸ್ಫೇಟ್ ಸೇರಿಸಿ. ಅದರ ಜತೆ ಸುಣ್ಣ ಬೇಡ. ರಾಕ್ ಫಾಸ್ಫೇಟ್ ಕರಗುವುದೇ ಹುಳಿಮಣ್ಣಿನಲ್ಲಿ. ನೆಲದಿಂದ ಒಂದು ಗೇಣು ಎತ್ತರಕ್ಕೆ ಗುಪ್ಪೆ ಮಾಡಿ, ಮಳೆಗಾಲದಲ್ಲಿ ಅದು ಹೇಗೂ ಕುಗ್ಗುತ್ತದೆ.

ಪತ್ತನಾಜೆ (ಮೇ ಕೊನೆಯ ವಾರದ ಹೊತ್ತಿನ ತುಳು ಆಚರಣೆಯ ದಿನ) ಕಳೆದು ಎರಡು ಒಳ್ಳೆಯ ಮಳೆ ಬಿದ್ದ ಮೇಲೆ ನೆಡಿ.

ಗಿಡ ಒಂದೂವರೆ ಅಡಿಗಿಂತ ಎತ್ತರ ಬೇಡ. ಫೋಟೊಕ್ಕೆ ಚೆಂದವೆಂದು ತರುವ ಆಳೆತ್ತರದ ಗಿಡದ ಬೇರು ಪ್ಲಾಸ್ಟಿಕ್ ತೊಟ್ಟೆಯೊಳಗೆ ಸುರುಳಿ ಸುತ್ತಿರುತ್ತದೆ, ಗಾಳಿಗೆ ಮಗುಚುತ್ತದೆ. ಕುಂಟುನೇರಳೆ, ನೆಲ್ಲಿ, ಕೇಪಳ, ಹೊನ್ನೆ ಒಳ್ಳೆಯದು. ಹತ್ತಿರ ಬೀಜದ ಗಿಡವಿದ್ದರೆ ನೆಕ್ಕರಿಕದ ಪೊದೆ ತಾನಾಗಿ ಬರುತ್ತದೆ, ಕಳೆಯೆಂದು ಕೀಳಬೇಡಿ. ಅಕೇಶಿಯ ಬೇಗ ಹಸಿರಾಗುತ್ತದೆ ನಿಜ, ಆದರೆ ಅದರ ತರಗೆಲೆ ದಪ್ಪಗೆ ಬಿದ್ದು ಕರಗದೆ ಉಳಿಯುತ್ತದೆ, ಬುಡದಲ್ಲಿ ಬೇರೆ ಸಸಿ ಏಳುವುದು ಕಷ್ಟ. ರಬ್ಬರ್ ತೋಟದಲ್ಲಿ ನೆಲ ಮುಚ್ಚಲು ಬೆಳೆಸುವ ಮುಕುನ ಬಳ್ಳಿಯನ್ನು ತಂದರೆ ವರ್ಷದೊಳಗೆ ನಿಮ್ಮ ಗಿಡವನ್ನೇ ಹುಡುಕಬೇಕಾದೀತು.

ನವೆಂಬರ್‌ಗೆ ಬುಡಕ್ಕೆ ತರಗೆಲೆ, ಪಡುವಣ ಬಿಸಿಲಿಗೆ ತೆಂಗಿನ ಮಡಲಿನ ಮರೆ. ಮೊದಲ ಎರಡು ಬೇಸಗೆ ವಾರಕ್ಕೊಮ್ಮೆ ಒಂದು ಕೊಡ ನೀರು. ಫೆಬ್ರವರಿಯೊಳಗೆ ಸುತ್ತ ಹತ್ತು ಅಡಿ ಹುಲ್ಲು ಕೆತ್ತಿಸಿ, ಒಣಗಿದ ಮುಳಿಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು.

ಪಣೆಯ ಅಂಚಿನಾಚೆ ಕಡಿಯದೆ ಉಳಿದ ಬೋಳು ಪಾದೆಯ (ಹಾಸುಬಂಡೆಯ) ಮೇಲೆ ಮಾತ್ರ ಗುಂಡಿ ತೋಡಬೇಡಿ. ಮಳೆಗಾಲದಲ್ಲಿ ಅಲ್ಲಿ ನೀಲಿ, ಬಿಳಿ ಹೂವಿನ ಬೆರಳೆತ್ತರದ ಸಸಿಗಳು ತಾವಾಗಿ ಏಳುತ್ತವೆ. ಬೇಕಿದ್ದರೆ ನವೆಂಬರ್ ಕೊನೆಗೆ ಅಲ್ಲಿಂದ ಬಲಿತ ಮುಳಿಹುಲ್ಲಿನ ಬೀಜ ತಂದಿಟ್ಟು, ಮುಂದಿನ ಮಳೆಗೆ ಪಣೆಯ ಹುಡಿರಾಶಿಯ ಮೇಲೆ ಎರಚಿ.