ಮಾವಿನ ಸಿಪ್ಪೆಯಿಂದ ಪ್ಯಾಕಿಂಗ್ ಹಾಳೆ ಮಾಡುವ ಬಗೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಮುತ್ತ ಬೆಳೆಯುವ ತೋತಾಪುರಿ ಮಾವು ಸುಗ್ಗಿಯಲ್ಲಿ ಲಾರಿಗಟ್ಟಲೆ ಗಡಿ ದಾಟಿ ಚಿತ್ತೂರು ಕಡೆಯ ತಿರುಳಿನ ಕಾರ್ಖಾನೆಗಳನ್ನು ಸೇರುತ್ತದೆ. ಒಂದು ಟನ್ ಹಣ್ಣಿಗೆ ಒಂದೂವರೆಯಿಂದ ಎರಡು ಕ್ವಿಂಟಲ್ ಸಿಪ್ಪೆ ಉಳಿಯುತ್ತದೆ. ಅದರಲ್ಲಿ ಪೆಕ್ಟಿನ್ ಎಂಬ ಅಂಟು ಧಾರಾಳವಾಗಿದೆ. ಜಾಮ್ ಗಟ್ಟಿಯಾಗುವುದು ಇದೇ ಪೆಕ್ಟಿನ್‌ನಿಂದ. ಅದನ್ನು ಬೇರ್ಪಡಿಸಿ, ತೆಳ್ಳಗೆ ಹರಡಿ ಒಣಗಿಸಿದರೆ ಮಣ್ಣಿನಲ್ಲಿ ಕರಗುವ ಹಾಳೆ ಸಿಗುತ್ತದೆ.

ಹಾಳೆ ಕೆಟ್ಟಾಗ ಎಲ್ಲರೂ ಒಣಗಿಸಿದ ರೀತಿಯನ್ನೇ ದೂರುತ್ತಾರೆ. ಬಹುಪಾಲು ಸಲ ತಪ್ಪು ಆಗಿರುವುದು ಸಿಪ್ಪೆ ಬಿಡಿಸಿದ ಮೊದಲ ನಾಲ್ಕೈದು ಗಂಟೆಗಳಲ್ಲಿ.

ಸಿಪ್ಪೆಯ ಕೆಲಸ

ರಾಶಿ ಹಾಕಿದ ಸಿಪ್ಪೆ ಬೇಸಿಗೆಯಲ್ಲಿ ಅರ್ಧ ದಿನಕ್ಕೇ ಹುಳಿಯುತ್ತದೆ. ಸಿಪ್ಪೆಯೊಳಗಿನ ಕಿಣ್ವಗಳೇ ಪೆಕ್ಟಿನ್‌ನ ಉದ್ದ ಅಣು ಸರಪಳಿಯನ್ನು ತುಂಡರಿಸುತ್ತವೆ; ಅಂಥ ಪೆಕ್ಟಿನ್‌ನ ಹಾಳೆ ಕೈಯಲ್ಲೇ ಹರಿಯುತ್ತದೆ. ಆದ್ದರಿಂದ ಬಿಡಿಸಿದ ನಾಲ್ಕೈದು ಗಂಟೆಯೊಳಗೇ ಸಿಪ್ಪೆಯನ್ನು ಎರಡು ನೀರಿನಲ್ಲಿ ತೊಳೆದು, ಸಣ್ಣಗೆ ಹೆಚ್ಚಿ, 90 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 5 ನಿಮಿಷ ಅದ್ದಿ ತೆಗೆಯಿರಿ. ಕಿಣ್ವಗಳು ಸಾಯುತ್ತವೆ, ಸಿಪ್ಪೆ ಕಪ್ಪಾಗುವುದೂ ನಿಲ್ಲುತ್ತದೆ. ಆಮೇಲೆ ತಣ್ಣೀರಿನಲ್ಲಿ ಮತ್ತೊಮ್ಮೆ ಜಾಲಾಡಿಸಿ ಹಿಂಡಿ. ಸಕ್ಕರೆ ಅಂಶ ಉಳಿದರೆ ಅದು ಗಾಳಿಯ ತೇವ ಹೀರಿ, ಹಾಳೆ ಎಷ್ಟು ಒಣಗಿಸಿದರೂ ಅಂಟಂಟಾಗಿಯೇ ಇರುತ್ತದೆ. ಸಿಪ್ಪೆಯ ಸೊನೆ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈಗವಸು ಇರಲಿ.

55ರಿಂದ 60 ಡಿಗ್ರಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಿರಿ. ಒಂದು ಕಿಲೋ ಹಸಿ ಸಿಪ್ಪೆಗೆ ಸುಮಾರು ಕಾಲು ಕಿಲೋ ಪುಡಿ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ, ಸುಗ್ಗಿ ಮುಗಿದ ಮೇಲೂ ಕೆಲಸ ನಡೆಯುತ್ತದೆ.

ಪೆಕ್ಟಿನ್ ತೆಗೆಯುವುದು

1 ಲೀಟರ್ ನೀರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), 50 ಗ್ರಾಂ ಸಿಪ್ಪೆ ಪುಡಿ. ಹುಳಿಯ ಮಟ್ಟ ತೋರಿಸುವ ಪಿಎಚ್ ಕಾಗದದಲ್ಲಿ 2ರಿಂದ 2.5 ತೋರಿಸಬೇಕು, ಹೆಚ್ಚಿದ್ದರೆ ಇನ್ನಷ್ಟು ನಿಂಬೆ ಉಪ್ಪು ಸೇರಿಸಿ. 85 ಡಿಗ್ರಿಯಲ್ಲಿ ಒಂದು ಗಂಟೆ ಕೈಯಾಡಿಸುತ್ತಿರಿ. ಬೇಗ ಆಗಲೆಂದು ಕುದಿಸಬೇಡಿ. ಆಮ್ಲ, ಶಾಖ ಎರಡೂ ಅತಿಯಾದರೆ ಸರಪಳಿ ಮತ್ತೆ ತುಂಡಾಗುತ್ತದೆ. ಬಿಸಿ ಇರುವಾಗಲೇ ಎರಡು ಪದರ ಮಲ್ ಬಟ್ಟೆಯಲ್ಲಿ ಸೋಸಿ. ಆರಿದರೆ ದ್ರವ ಮಂದವಾಗಿ ಬಟ್ಟೆಯಲ್ಲೇ ನಿಲ್ಲುತ್ತದೆ.

ಪೂರ್ತಿ ತಣ್ಣಗಾದ ದ್ರವಕ್ಕೆ ಅದರ ಎರಡು ಪಟ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ನಿಧಾನವಾಗಿ ಸುರಿಯಿರಿ. ಪೆಕ್ಟಿನ್ ಲೋಳೆಯ ಎಳೆಗಳಾಗಿ ಕೂಡಿಕೊಳ್ಳುತ್ತದೆ. ಒಂದು ಗಂಟೆ ಬಿಟ್ಟು ಬಟ್ಟೆಯಲ್ಲಿ ಹಿಂಡಿ, ಶೇ 70ರ ಆಲ್ಕೋಹಾಲಿನಲ್ಲಿ ಎರಡು ಬಾರಿ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ 45 ಡಿಗ್ರಿಯಲ್ಲಿ ಒಣಗಿಸಿ. 5ರಿಂದ 8 ಗ್ರಾಂ ಪೆಕ್ಟಿನ್ ಸಿಗುತ್ತದೆ. ಹತ್ತಿರ ಬೆಂಕಿ ಬೇಡ, ಕಿಟಕಿ ತೆರೆದಿರಲಿ. ಅಗ್ಗವೆಂದು ಡಿನೇಚರ್ಡ್ ಸ್ಪಿರಿಟ್ ಬಳಸಲೇಬಾರದು: ಅದರಲ್ಲಿ ಮೆಥನಾಲ್ ಎಂಬ ವಿಷ ಇರಬಹುದು, ಇದು ಆಹಾರ ಮುಟ್ಟುವ ವಸ್ತು. ಇಡೀ ಕೆಲಸದಲ್ಲಿ ದುಬಾರಿ ಬಾಬ್ತು ಆಲ್ಕೋಹಾಲೇ. ಬಟ್ಟಿ ಇಳಿಸಿ ಮರುಬಳಕೆ ಮಾಡದಿದ್ದರೆ ದೊಡ್ಡ ಪ್ರಮಾಣದಲ್ಲಿ ಲೆಕ್ಕ ಕೂಡಿಬರುವುದಿಲ್ಲ.

ಹಾಳೆ ಎರೆಯುವುದು

20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಒಂದು ತಟ್ಟೆಗೆ ಬೇಕಾದದ್ದು: ಪೆಕ್ಟಿನ್ 6 ಗ್ರಾಂ, ಆಹಾರ ದರ್ಜೆಯ ಗ್ಲಿಸರಿನ್ 1.8 ಗ್ರಾಂ, ಮೆಕ್ಕೆಜೋಳದ ಪಿಷ್ಟ 2 ಗ್ರಾಂ, ನೀರು 200 ಮಿ.ಲೀ. ಪೆಕ್ಟಿನ್ ಪುಡಿಯನ್ನು ನೇರ ನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ, ಆ ಗಂಟು ಬಿಡಿಸುವುದು ಬಲು ಕಷ್ಟ. ಮೊದಲು ಗ್ಲಿಸರಿನ್‌ನಲ್ಲಿ ಕಲಸಿ, 160 ಮಿ.ಲೀ. ನೀರಿಗೆ ಸೇರಿಸಿ, 60 ಡಿಗ್ರಿಯಲ್ಲಿ ಕರಗಿಸಿ. ಉಳಿದ 40 ಮಿ.ಲೀ. ನೀರಿನಲ್ಲಿ ಪಿಷ್ಟವನ್ನು ಬೇರೆಯೇ 85ರಿಂದ 90 ಡಿಗ್ರಿಯಲ್ಲಿ 10 ನಿಮಿಷ ಬೇಯಿಸಿ ಗಂಜಿ ಮಾಡಿ, ಎರಡನ್ನೂ ಕೂಡಿಸಿ.

ಅರ್ಧ ಗಂಟೆ ಅಲ್ಲಾಡಿಸದೆ ಬಿಟ್ಟು ಗುಳ್ಳೆ ಏರಲು ಬಿಡಿ. ಒಣಗಿದ ಮೇಲೆ ಪ್ರತಿ ಗುಳ್ಳೆಯೂ ಒಂದು ತೂತು. 180 ಮಿ.ಲೀ. ಅಳೆದು ಮಟ್ಟಸವಾಗಿ ಇಟ್ಟ ಅಕ್ರಿಲಿಕ್ ಅಥವಾ ಟೆಫ್ಲಾನ್ ಹಾಸಿದ ತಟ್ಟೆಗೆ ಸುರಿಯಿರಿ. ಬರಿಯ ಸ್ಟೀಲಿಗೆ ಹಾಳೆ ಕಚ್ಚಿಕೊಳ್ಳುತ್ತದೆ. 40 ಡಿಗ್ರಿಯಲ್ಲಿ ಸುಮಾರು ಒಂದು ದಿನ ಒಣಗಿಸಿದರೆ 0.1 ಮಿ.ಮೀ. ಆಸುಪಾಸಿನ ಹಳದಿಗಂದು ಹಾಳೆ ಬಿಡಿಸಿಕೊಳ್ಳುತ್ತದೆ. ಫ್ಯಾನ್ ಗಾಳಿ ನೇರ ಬಡಿದರೆ ಅಂಚು ಮೊದಲು ಒಣಗಿ ಸುರುಳಿಯಾಗುತ್ತದೆ.

ಮಡಿಸಿದರೆ ಮುರಿಯುತ್ತಿದೆಯೇ? ಗ್ಲಿಸರಿನ್ 2.1 ಗ್ರಾಂಗೆ ಏರಿಸಿ. ಬೆರಳಿಗೆ ಅಂಟುತ್ತಿದೆಯೇ? 1.5ಕ್ಕೆ ಇಳಿಸಿ. ಇಳಿಸಿದರೂ ಅಂಟಿದರೆ ಸಿಪ್ಪೆ ತೊಳೆದದ್ದು ಸಾಲದು.

ಎಲ್ಲಿ ಸಲ್ಲುತ್ತದೆ

ತೇವ ಇದರ ಶತ್ರು. ಮೊಸರು, ಚಟ್ನಿ, ಹಸಿ ತರಕಾರಿಗೆ ಇದು ಆಗದು. ಒಣ ವಾತಾವರಣದಲ್ಲಿ ಮಾತ್ರ ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ, ಎಣ್ಣೆಯನ್ನು ಹೊರಬಿಡುವುದಿಲ್ಲ. ಹಾಗಾಗಿ ಹುರಿದ ಕಡಲೆಬೀಜ, ಗೋಡಂಬಿ, ಮಸಾಲೆ ಪುಡಿಯ ಸಣ್ಣ ಪೊಟ್ಟಣಕ್ಕೆ ಒಪ್ಪುತ್ತದೆ. ಪೊಟ್ಟಣದ ಅಂಚಿಗೆ ಒದ್ದೆ ಬೆರಳು ಸವರಿ ಒತ್ತಿದರೆ ತಾನೇ ಅಂಟುತ್ತದೆ. ಮಳೆಗಾಲದಲ್ಲಿ ಹಾಳೆಯನ್ನು ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಡಬ್ಬಿಯಿಂದ ಹೊರಗಿಡಬೇಡಿ, ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ.

ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ಹಾಳೆ ನೀರಿಗೆ ನಿಲ್ಲುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಮೀಥೈಲ್ ಅಂಶ (ಪೆಕ್ಟಿನ್ ಸರಪಳಿಗೆ ಅಂಟಿರುವ ಒಂದು ರಾಸಾಯನಿಕ ಗುಂಪು) ಕಡಿಮೆ ಇರುವ ಪೆಕ್ಟಿನ್‌ಗೆ ಸರಿ. ಮಾವಿನ ಸಿಪ್ಪೆಯದರಲ್ಲಿ ಸಾಮಾನ್ಯವಾಗಿ ಆ ಅಂಶ ಹೆಚ್ಚು, ಕ್ಯಾಲ್ಸಿಯಂ ಹಿಡಿತ ಸಡಿಲ. ಅದರ ಬದಲು, ಗುಳ್ಳೆ ಏರಲು ಬಿಡುವ ಮೊದಲೇ 0.6 ಗ್ರಾಂ ಜೇನುಮೇಣವನ್ನು 70 ಡಿಗ್ರಿಯ ಪೆಕ್ಟಿನ್ ದ್ರಾವಣದಲ್ಲಿ ಕರಗಿಸಿ ಬ್ಲೆಂಡರ್‌ನಲ್ಲಿ ಕಡೆಯುವುದು ಮೇಲು. ಹಾಳೆ ಮಸುಕಾಗುತ್ತದೆ, ತೇವ ಒಳಬರುವುದು ಕಡಿಮೆಯಾಗುತ್ತದೆ.

ಮಾರುವ ಯೋಚನೆ ಇದ್ದರೆ ಆಹಾರ ಸುರಕ್ಷತೆಯ 2018ರ ಪ್ಯಾಕೇಜಿಂಗ್ ನಿಯಮಗಳನ್ನು ಮೊದಲು ಓದಿ, ಉಳಿಕೆ ಆಲ್ಕೋಹಾಲ್ ಮತ್ತು ಕೀಟನಾಶಕದ ಪರೀಕ್ಷೆಯನ್ನು ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಮಾಡಿಸಿ.