ಕಾರ್ಡ್ ಬದಿಗಿಟ್ಟು ಸರಳೆ ವರಸೆಯಿಂದ ಗಿಟಾರ್ ಕಲಿತದ್ದು

ಗಿಟಾರ್ ತಂದವರಿಗೆಲ್ಲ ಮೊದಲ ತಿಂಗಳು ಸಿಗುವುದು ಜಿ, ಸಿ, ಡಿ, ಇ ಮೈನರ್ ಎಂಬ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು. ಎರಡನೇ ತಿಂಗಳು ಒಂದೇ ಬೆರಳಿನಲ್ಲಿ ಎಲ್ಲ ತಂತಿ ಒತ್ತಬೇಕಾದ ಎಫ್ ಬರುತ್ತದೆ; ಬಹಳಷ್ಟು ಗಿಟಾರ್ ಅಲ್ಲಿಗೇ ಕಪಾಟಿನ ಮೇಲೆ ಹೋಗಿ ಕೂರುತ್ತವೆ. ನಾನು ಆ ದಾರಿ ಬಿಟ್ಟು, ನಾಲ್ಕನೇ ತಂತಿ ಒಂದರ ಮೇಲೆಯೇ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಬಾರಿಸಿ ಕಲಿತೆ. ಎದುರಿಗೆ ಗುರುಗಳು ಯಾರೂ ಇರಲಿಲ್ಲ. ಈಗ ಪುತ್ತೂರಿನ ನಮ್ಮ ಭಜನಾ ಮಂಡಳಿಯಲ್ಲಿ ಮೂವತ್ತರ ಮೇಲೆ ಹಾಡುಗಳಿಗೆ ಸಾಥ್ ಕೊಡುತ್ತೇನೆ, ಹಾಡುವವರು ಯಾವ ಶ್ರುತಿ ಹೇಳಿದರೂ ಸರಿ. ಆಗುವುದಿಲ್ಲ ಎಂದವರೇ ಈಗ ಹೇಗೆ ಮಾಡಿದ್ದು ಎಂದು ಕೇಳುತ್ತಿದ್ದಾರೆ.

ಮೊದಲ ಗಿಟಾರ್ ಮಂಗಳೂರಿನಿಂದ ತಂದದ್ದು, ನಾಲ್ಕು ಸಾವಿರದ ಆಸುಪಾಸು. ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್. ಹನ್ನೆರಡನೇ ಫ್ರೆಟ್‌ನಲ್ಲಿ ತಂತಿಯ ಎತ್ತರ ನಾಲ್ಕು ಮಿಲಿಮೀಟರಿಗೂ ಹೆಚ್ಚಿತ್ತು. ಬೆರಳು ನೋಯುವುದು ಸಹಜ, ಒಗ್ಗುತ್ತದೆ ಎಂದು ಅಂಗಡಿಯವರು ಕಳಿಸಿದರು. ಒಗ್ಗಲಿಲ್ಲ. ತಂತಿಗಳು ಹಾದುಹೋಗುವ ಸಣ್ಣ ಪಟ್ಟಿ, ಅಂದರೆ ಸ್ಯಾಡಲ್, ತೆಗೆದು ಅದರ ಅಡಿಭಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆಯೇ ಅದು ವಾದ್ಯವಾದದ್ದು. ಲೆಕ್ಕ ಇಷ್ಟೇ: ಹನ್ನೆರಡನೇ ಫ್ರೆಟ್‌ನಲ್ಲಿ ಅರ್ಧ ಮಿಲಿ ಇಳಿಯಬೇಕಾದರೆ ಸ್ಯಾಡಲ್‌ನಿಂದ ಒಂದು ಮಿಲಿ ಹೋಗಬೇಕು. ನಾನು ಎರಡೂವರೆ ಮಿಲಿಗೆ ತಂದು ನಿಲ್ಲಿಸಿದೆ. ಇನ್ನೂ ಇಳಿಸಿದರೆ ಜೋರಾಗಿ ಬಾರಿಸುವಾಗ ತಂತಿ ಝೇಂಕರಿಸುತ್ತದೆ.

ನಡುವೆ ನಾಲ್ಕೈದು ತಿಂಗಳು ಫೋನಿನಲ್ಲಿ ಒಂದು ತರಗತಿ ತೆಗೆದುಕೊಂಡಿದ್ದೆ, ಒಟ್ಟು ಏಳೆಂಟು ಸಾವಿರ ಹೋಯಿತು. ಅಲ್ಲಿ ಕೈಗೆ ಆಕಾರಗಳು ಬಂದವು, ಕಿವಿಗೆ ಏನೂ ಬರಲಿಲ್ಲ. ಭಜನೆಯಲ್ಲಿ ಯಾರಾದರೂ ಪಲ್ಲವಿ ಎತ್ತಿಕೊಂಡರೆ ಯಾವ ಸ್ವರದಿಂದ ಶುರುವಾಯಿತು ಎಂದು ಹುಡುಕುವಷ್ಟರಲ್ಲಿ ಚರಣ ಮುಗಿದಿರುತ್ತಿತ್ತು. ಕಾರ್ಡ್ ಚಾರ್ಟ್ ಇಲ್ಲದ ಹಾಡಿಗೆ ಆ ತರಗತಿಯಲ್ಲಿ ಉತ್ತರವೇ ಇರಲಿಲ್ಲ. ದಾಸರ ಪದಗಳಿಗೆ ಚಾರ್ಟ್ ಎಲ್ಲಿಂದ ತರುವುದು?

ಚಿಕ್ಕಂದಿನಲ್ಲಿ ಎಲ್ಲರ ಹಾಗೆ ಸರಳೆ, ಜಂಟಿ ಹಾಡಿ ಬಿಟ್ಟವನು ನಾನು. ಆ ಪಾಠವನ್ನೇ ಎತ್ತಿಕೊಂಡೆ. ನಾಲ್ಕನೇ ತಂತಿಯನ್ನು ಬಿಟ್ಟು ಮೀಟಿದರೆ ಡಿ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಎರಡು. ಅದೇ ಷಡ್ಜ, ಅಂದರೆ ಸ. ಸರಳೆ ಹಾಡುವ ರಾಗವಾದ ಮಾಯಾಮಾಳವಗೌಳದ ಉಳಿದ ಸ್ವರಗಳು 1, 4, 5, 7, 8, 11ನೇ ಫ್ರೆಟ್‌ಗಳಲ್ಲಿ, ಮೇಲಿನ ಷಡ್ಜ 12ರಲ್ಲಿ. ಫೋನಿನ ತಂಬೂರಿ ಹಚ್ಚಿಟ್ಟು, ಬಾಯಲ್ಲಿ ಸ್ವರ ಹೇಳುತ್ತಲೇ ಬಾರಿಸಬೇಕು. ಬಾಯಿ ಮುಚ್ಚಿ ಬಾರಿಸಿದ ದಿನ ಲೆಕ್ಕಕ್ಕಿಲ್ಲ. ಮೊದಲ ಕಾಲದಲ್ಲಿ, ಅಂದರೆ ನಿಧಾನ ಗತಿಯಲ್ಲಿ, ಎಲ್ಲ ಹೊಡೆತವೂ ಕೆಳಗೆ. ಅದರ ದುಪ್ಪಟ್ಟು ವೇಗದ ಎರಡನೇ ಕಾಲದಿಂದ ಕೆಳಗೆ-ಮೇಲೆ. ಸ್ವರಗಳು ಜೋಡಿಯಾಗಿ ಬರುವ ಜಂಟಿ ವರಸೆಯಲ್ಲಿ ಎರಡನೇ ಸ್ವರಕ್ಕೆ ಒತ್ತು ಬೀಳಬೇಕಾದ್ದರಿಂದ ಮೇಲಿನ ಹೊಡೆತ ತಾನಾಗಿ ಗಟ್ಟಿಯಾಗುತ್ತದೆ. ತರಗತಿಯಲ್ಲಿ ತಿಂಗಳುಗಟ್ಟಲೆ ಸ್ಟ್ರಮ್ ಮಾಡಿಸಿಯೂ ಬರದಿದ್ದ ಗುಣ ಇದು. ಒಂದೇ ತಂತಿಯಾದ್ದರಿಂದ ಕೈ ಉದ್ದಕ್ಕೂ ಓಡಾಡುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಗಮಕ, ಜಾರು, ಅಲ್ಲೇ ಕೂಡಿಕೊಳ್ಳುತ್ತದೆ. ಆಮೇಲಿನ ಪಾಠವಾದ ಅಲಂಕಾರಗಳು ಮುಗಿಯುವ ಹೊತ್ತಿಗೆ ಏಳೆಂಟು ತಿಂಗಳಾಗಿರಬೇಕು. ಕರೆಂಟು ಹೋದ ಮಳೆಗಾಲದ ರಾತ್ರಿಗಳಲ್ಲೂ ಫ್ರೆಟ್ ನೋಡದೆ ಬಾರಿಸುತ್ತಿದ್ದೆ.

ಹಾರ್ಮೋನಿಯಂ ಬಾರಿಸುವ ಹಿರಿಯರು ಮೊದಲು ಕೇಳಿ, “ಅದರಲ್ಲಿ ನಮ್ಮ ಸಂಗೀತ ಬರುವುದುಂಟಾ ಮಾರಾಯ?” ಅಂದಿದ್ದರು. ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ತಂದರು, ಯು. ಶ್ರೀನಿವಾಸ್ ಮ್ಯಾಂಡೊಲಿನ್‌ನಲ್ಲಿ ತಂದರು, ಗಿಟಾರಿನಲ್ಲೇ ಆರ್. ಪ್ರಸನ್ನ ಕಛೇರಿ ಮಾಡುತ್ತಾರೆ ಎಂದೆ. “ಅವರೆಲ್ಲ ದೊಡ್ಡವರು” ಎಂದರು. ಹೌದು. ಆದರೆ ಮಂಡಳಿಯಲ್ಲಿ ಹಾಡಿನ ಹಿಂದೆ ನಡೆಯುವುದಕ್ಕೆ ಕಛೇರಿಯ ಮಟ್ಟ ಬೇಕಿಲ್ಲ, ಸ್ವರ ಗೊತ್ತಿರಬೇಕು. ಅದೇ ಹಿರಿಯರು ಈಗ ತಮಗೆ ಬರಲಾಗದ ದಿನ ನನಗೆ ಹೇಳಿ ಕಳಿಸುತ್ತಾರೆ.

ಶ್ರುತಿಯ ವಿಷಯ. ಆರನೇ ತಂತಿಯನ್ನು ಇ ಯಿಂದ ಡಿ ಗೆ ಇಳಿಸಿದರೆ 6, 5, 4 ಸೇರಿ ಸ-ಪ-ಸ ಆಗುತ್ತದೆ. ಹೆಬ್ಬೆರಳು ಅಲ್ಲಿ ತಂಬೂರಿ ನಡೆಸುತ್ತದೆ, ಉಳಿದ ಬೆರಳು ಹಾಡು ನೋಡಿಕೊಳ್ಳುತ್ತವೆ. ಬಿಳಿ ಮೂರು ಎಂದರೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್, ಅಂದರೆ ಕೇಪೊ, ಎರಡನೇ ಫ್ರೆಟ್‌ಗೆ, ಕಪ್ಪು ಮೂರು ಎಂದರೆ ನಾಲ್ಕಕ್ಕೆ. ಹೆಂಗಸರು ಬಿಳಿ ಆರರಲ್ಲಿ ಹಾಡಿದರೆ ಕೇಪೊ ಅಷ್ಟು ಮೇಲೆ ಒಯ್ಯಬೇಡಿ, ನಾದ ತೆಳುವಾಗುತ್ತದೆ. ಐದನೇ ತಂತಿಯನ್ನೇ ಷಡ್ಜ ಮಾಡಿಕೊಂಡು ಆರನೆಯದನ್ನು ವಾಪಸ್ ಇ ಗೆ ಏರಿಸಿ, ಕೆಳಗೆ ಪಂಚಮವೂ ಸಿಕ್ಕಿತು. ಎರಡನೇ ತಂತಿಗೆ ನಾನು ಏನು ಮಾಡಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ತಾಳದ ಮೇಲಿನ ಒಂದು ಹೊಡೆತವೂ ಹಾಗೆಯೇ, ನನ್ನಲ್ಲಿಯೇ ಇರಲಿ.

ಕಾರ್ಡ್ ಬಂದದ್ದು ಇಷ್ಟೆಲ್ಲ ಆದ ಮೇಲೆ, ಅದೂ ರಾಗದ ಒಳಗಿನಿಂದ. ಮೋಹನದಲ್ಲಿ ಮ, ನಿ ಇಲ್ಲ. ತರಗತಿಯಲ್ಲಿ ಹೇಳಿಕೊಟ್ಟಂತೆ ಡಿ, ಜಿ, ಎ ಹಾಕಿದರೆ ಜಿ ಯಲ್ಲಿ ಮಧ್ಯಮ, ಎ ಯಲ್ಲಿ ನಿಷಾದ ನುಗ್ಗುತ್ತವೆ. ಹಾಡುವವರ ಮುಖ ಅಲ್ಲೇ ಕಿವುಚುತ್ತದೆ. ಡಿ ಮತ್ತು ಬಿ ಮೈನರ್ ಸಾಕು: ಒಂದರಲ್ಲಿ ಸ-ಗ-ಪ, ಇನ್ನೊಂದರಲ್ಲಿ ದ-ಸ-ಗ, ಹೊರಗಿನದು ಒಂದೂ ಇಲ್ಲ. ಮಾಯಾಮಾಳವಗೌಳಕ್ಕೆ ಡಿ ಮೇಜರನ್ನೇ ಒಂದು ಫ್ರೆಟ್ ಮೇಲೆ ಸರಿಸಿ, ರಿ-ಮ-ದ ಕೂಡುತ್ತದೆ. ಖಾಲಿ ತಂತಿಗಳನ್ನು ಆಗ ಮುಟ್ಟಬಾರದು ಅಷ್ಟೆ. ಎಫ್ ಬ್ಯಾರೆ ಇವತ್ತಿಗೂ ನಾನು ಹಿಡಿಯುವುದಿಲ್ಲ, ಬೇಕಾಗಿಯೇ ಇಲ್ಲ.

ಪ್ರಯೋಗಗಳು ಬೇಕಾದಷ್ಟು ಆದವು. ಸರೋದಿಗೆ ತೆಂಗಿನ ಗೆರಟೆಯ ಮೀಟುಕ ಬಳಸುತ್ತಾರೆಂದು ನಾನೂ ಗೆರಟೆ ತೇಯ್ದು ಪಿಕ್ ಮಾಡಿದೆ. ನಾದ ದುಂಡಗೆ ಬಂತು, ತೆಳುವಾದ ತಂತಿಗೆ ಬಹಳ ಚೆನ್ನ, ದಪ್ಪ ತಂತಿಯ ಸುತ್ತಿನ ಮೇಲೆ ಮಾತ್ರ ಕರಕರ. ಹಳೆಯ ಎಟಿಎಂ ಕಾರ್ಡ್ ಕತ್ತರಿಸಿ ಮಾಡಿದ್ದು ಭಜನೆಯ ಗದ್ದಲಕ್ಕೆ ಸರಿ. ಮೂರನೇ ತಂತಿಯ ಜಾಗಕ್ಕೆ ಸುತ್ತಿಲ್ಲದ 17ರ (0.017 ಇಂಚು ದಪ್ಪದ) ತಂತಿ ಹಾಕಿದೆ; ಸ್ವರ ಅಲುಗಿಸುವ ಗಮಕಕ್ಕೆ ಎಳೆದರೆ ಸಲೀಸಾಗಿ ಒಂದು ಪೂರ್ಣ ಸ್ವರ ಏರುತ್ತದೆ, ಆದರೆ ಹನ್ನೆರಡನೇ ಫ್ರೆಟ್‌ನಲ್ಲಿ ಶ್ರುತಿ ಚೂರು ಮೇಲಾಗುತ್ತದೆ. ನನಗೆ ಆ ಲೋಪ ಒಪ್ಪಿಗೆ. ಹಿಂದೂಸ್ತಾನಿ ಗಿಟಾರ್ ವಾದಕ ಬ್ರಿಜ್ ಭೂಷಣ್ ಕಾಬ್ರಾ ಅವರ ವಾದನ ಕೇಳಿ, ತಂತಿಯ ಮೇಲೆ ಸ್ಟೀಲ್ ಪೈಪಿನ ತುಂಡು ಜಾರಿಸಿ ಬಾರಿಸುವ ಸ್ಲೈಡ್ ಕೂಡ ಮಾಡಿ ನೋಡಿದೆ. ಅದು ಬೇರೆಯೇ ವಿದ್ಯೆ, ಒಂದು ಬೇಸಿಗೆ ಪೂರ್ತಿ ತಿಂದಿತು.

ನಮ್ಮ ಕಡೆಯ ಮಳೆಗಾಲದ್ದು ದೊಡ್ಡ ಖರ್ಚು. ಆಷಾಢದಲ್ಲಿ ಮೇಲ್ಪಲಗೆ ಉಬ್ಬಿ ತಂತಿ ಎತ್ತರವಾಗುತ್ತದೆ, ಮೂರು-ನಾಲ್ಕು ವಾರಕ್ಕೆ ತುಕ್ಕು. ಮೊದಲ ಗಿಟಾರಿನಲ್ಲಿ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್ ಎರಡನೇ ಮಳೆಗಾಲಕ್ಕೆ ಎದ್ದೇ ಬಂತು; ಬಡಗಿಯೊಬ್ಬರು ಅಂಟು ಹಾಕಿ ಕ್ಲ್ಯಾಂಪ್ ಬಿಗಿದು ಮುನ್ನೂರು ತೆಗೆದುಕೊಂಡರು, ಇನ್ನೂ ಗಟ್ಟಿಯಾಗಿದೆ. ಕಪಾಟಿನೊಳಗೆ ಹಳೆಯ ಕಾಲದ 40 ವಾಟ್ ಬಲ್ಬು ಉರಿಸಿ ಅದರಲ್ಲಿ ನಿಲ್ಲಿಸುತ್ತೇನೆ. ಬಲ್ಬಿಗೆ ಹತ್ತಿರ ಇಟ್ಟರೆ ಮರ ಸೀಳುತ್ತದೆ, ಒಂದೂವರೆ ಅಡಿಯಾದರೂ ದೂರ ಇರಲಿ. ಆಮೇಲೆ ಕೊಂಡ ಯಮಹಾ ಎಫ್ 310ಕ್ಕೆ ಒಂಬತ್ತು ಸಾವಿರದ ಹತ್ತಿರ ಕೊಟ್ಟ ನೆನಪು. ಅದರ ತಂತಿಯ ಉದ್ದ 634 ಮಿಲಿಮೀಟರ್, ಸ್ವಲ್ಪ ಗಿಡ್ಡ; 10ರ ಸೆಟ್ ಹಾಕಿದರೆ ಎಳೆಯಲು ಮೆತ್ತಗೆ. ತರಗತಿ, ತಂತಿ, ಕೇಪೊ ಎಲ್ಲ ಸೇರಿ ಇಪ್ಪತ್ತೈದು ಸಾವಿರದೊಳಗೆ ಮುಗಿದಿದೆ.

ಈಗ ಕಲ್ಯಾಣಿ ರಾಗ ಹಿಡಿದಿದ್ದೇನೆ. ಡಿ ಮತ್ತು ಇ ಎರಡೂ ಮೇಜರ್ ಅಲ್ಲಿ ಸೊಗಸಾಗಿ ಕೂರುತ್ತವೆ, ಇ ಯಲ್ಲಿ ಆ ರಾಗಕ್ಕೆ ಬೇಕಾದ ಏರಿದ ಮ, ಅಂದರೆ ಪ್ರತಿ ಮಧ್ಯಮ, ಇದೆಯಲ್ಲ. ತೋಡಿಗೆ ಮಾತ್ರ ಕಾರ್ಡ್ ಇಡುವುದನ್ನು ನಿಲ್ಲಿಸಿದೆ. ಗಾಂಧಾರ ಅಲುಗಾಡುತ್ತಲೇ ಇರುವ ರಾಗ; ಕೆಳಗೆ ಅಲುಗದ ಸ್ವರಗುಚ್ಛ ಇಟ್ಟರೆ ಎರಡೂ ಕೆಡುತ್ತವೆ. ಅಲ್ಲಿ ಹೆಬ್ಬೆರಳಿನ ಸ-ಪ ಒಂದೇ ಸಾಕು.